ಬಾಷಾ ಮಾಮ ಕುಡಿದ ಡೀಸೆಲ್

ಡೀಸೆಲ್ ವಾಸನೆ ಬಂದರೆ ಈಗಲೂ ನನ್ನ ಬಾಯಿ ಒಣಗುತ್ತದೆ.

ನಾನಾಗ ನಾಲ್ಕನೇ ಕ್ಲಾಸು. ಮಾವಿನಕಾಯಿ ತುಂಬಿಕೊಂಡು ಶ್ರೀನಿವಾಸಪುರದ ಮಂಡಿಗೆ ಹೊರಟಿದ್ದ ನಮ್ಮ ಹಳೇ ಲಾರಿ ಮಧ್ಯಾಹ್ನದ ಬಿಸಿಲಲ್ಲಿ ಮೂರನೇ ಸಲ ನಿಂತಿತು. ಸ್ವಲ್ಪ ಹೊತ್ತು ಬಿಟ್ಟರೆ ಸ್ಟಾರ್ಟ್ ಆಗಿ, ಒಂದು ಮೈಲಿ ಹೋಗಿ ಮತ್ತೆ ನಿಲ್ಲುತ್ತಿತ್ತು.

“ಟ್ಯಾಂಕಲ್ಲಿ ಪೈಪಿಗೆ ಏನೋ ಅಡ್ಡ ಬರ್ತೈತಣ್ಣ,” ಅಂದರು ಡ್ರೈವರ್ ಬಾಷಾ ಮಾಮ.

“ಡೀಸೆಲ್ ಮಾರ್ಕೊಂಡು ಸೀಮೆಎಣ್ಣೆ ಬೆರೆಸಿದ್ದೀಯ ಕಣೋ,” ಅಂದರು ಅಪ್ಪ. “ಇಲ್ಲ ಅಂದ್ರೆ ಕುಡಿದು ತೋರ್ಸು.”

ಬಾಷಾ ಮಾಮ ಟ್ಯಾಂಕಿಗೆ ರಬ್ಬರ್ ಪೈಪು ಇಳಿಸಿ, ಬಾಯಿಟ್ಟು ಎಳೆದು ನುಂಗಿದರು. “ಡೀಸೆಲ್ಲೇ ಅಣ್ಣ.”

“ಇನ್ನೊಂದು ಗುಟುಕು.”

ಅದನ್ನೂ ಕುಡಿದು ರಸ್ತೆಬದಿಯಲ್ಲಿ ವಾಂತಿ ಮಾಡಿಕೊಂಡರು. ಆಮೇಲೆ ಕಣ್ಣೊರೆಸಿಕೊಂಡು ಟ್ಯಾಂಕಿನೊಳಗೆ ತಂತಿ ಆಡಿಸಿದಾಗ ಹಸಿರು ಬಟ್ಟೆಯ ಚೂರೊಂದು ಬಂತು. ಅದು ಅಮ್ಮನ ಹಳೇ ಸೀರೆಯದು. ಹಿಂದಿನ ವಾರ ಮಾಮ ರಜದಲ್ಲಿದ್ದಾಗ ಟ್ಯಾಂಕಿನ ಮುಚ್ಚಳ ಕಳೆದಿತ್ತು. ಹೊಸದು ಸಿಗುವತನಕ ಅಪ್ಪ ಟ್ಯಾಂಕಿನ ಬಾಯಿಗೆ ಈ ಬಟ್ಟೆ ತುರುಕಿದ್ದರು. ಹರಿದುಕೊಟ್ಟವಳು ನಾನು.

“ಇದು ಯಾರದು, ಗೊತ್ತಾ ಪಾಪ?” ಎಂದು ಮಾಮ ನನ್ನನ್ನು ಕೇಳಿದರು.

ಅಪ್ಪ ನನ್ನನ್ನೇ ನೋಡುತ್ತಿದ್ದರು.

“ಗೊತ್ತಿಲ್ಲ,” ಅಂದೆ.

“ಕೇಳಿಸ್ತಲ್ಲ? ಇದೂ ನಿಂದೇ ಕೆಲ್ಸ. ಕೀ ಕೊಟ್ಟು ಹೋಗು,” ಅಂದರು ಅಪ್ಪ.

ಮಾಮ ಕೀ ಕೊಟ್ಟು ಬಿಸಿಲಲ್ಲಿ ನಡೆದುಹೋದರು. ಅಪ್ಪನೇ ಓಡಿಸಿದರು. ಲಾರಿ ಎಲ್ಲೂ ನಿಲ್ಲದೆ ಮಂಡಿ ಸೇರಿತು.