ಡಿಸ್ಕ್ ತುಂಬಿಸಿದವರು

ಮಠದ ಸೇವಾ ಬುಕಿಂಗ್ ಸರ್ವರ್ ಬೆಳಿಗ್ಗೆಯಿಂದ ಮೂರು ಸಲ ನಿಂತಿತ್ತು. ಹೊರಗೆ ಭಕ್ತರ ಸಾಲು ಬೆಳೆಯುತ್ತಿತ್ತು.

"ಡಿಸ್ಕ್ ತುಂಬಿಹೋಗಿದೆ. ನಿಮ್ಮ ಗುರುಗಳ ಗಮಕ ವಾಚನದ ರೆಕಾರ್ಡಿಂಗ್ ಇದರಲ್ಲೇ ಇಟ್ಟಿದ್ದೀರಂತೆ? ಅಳಿಸಿಬಿಡ್ತೀನಿ," ಎಂದಳು ಎಂಜಿನಿಯರ್.

ಮುದಿ ಗುಮಾಸ್ತರು ಕೈಮುಗಿದರು. "ಅವರು ಹೋಗಿ ಆರು ವರ್ಷ ಆಯ್ತಮ್ಮ. ಅವರ ದನಿ ಅಂತ ಉಳಿದಿರೋದು ಅದೊಂದೇ. ಯಾವುದು ಎಷ್ಟು ಜಾಗ ತಿಂದಿದೆ, ಒಂದ್ಸಲ ನೋಡ್ಬಾರ್ದಾ?"

ಅವಳು ಪಟ್ಟಿ ತೆರೆದಳು.

ಗುಮಾಸ್ತರು ಕನ್ನಡಕ ಏರಿಸಿ ಓದಿದರು: "ವಾಚನ, ನೂರರಲ್ಲಿ ಎರಡು ಪಾಲು. ಮಿಕ್ಕಿದ್ದೆಲ್ಲ, ಡಿಸ್ಕ್ ಯಾಕೆ ತುಂಬ್ತಿದೆ ಅಂತ ಪತ್ತೆಹಚ್ಚೋಕೆ ಹೋದ ವಾರದಿಂದ ನೀನು ಕ್ಷಣಕ್ಷಣಕ್ಕೂ ಬರೆಸ್ತಿರೋ ದಾಖಲೆ. ಇದನ್ನ ಯಾವ ರಾಗದಲ್ಲಿ ಓದ್ಲಿ, ತಾಯಿ?"