ರಾಣಿ ಕಾಲರು

“ಬ್ಲೌಸ್ ಕುತ್ತಿಗಿ ಪೂರಾ ಮುಚ್ಚೂ ಹಂಗ ಹೊಲಿದು ಕೊಡ್ರಿ ಆಪಾ,” ಎನ್ನುತ್ತ ರೇವತಿ ಶಿವಾಜಿನಗರದ ಟೈಲರ್ ಬದ್ರುನ್ನೀಸಾಳೆದುರು ಸೆರಗು ಸರಿಸಿದಳು. ಟಿ.ಬಿ. ಗಂಟು ತೆಗೆದ ಕಲೆ ಕಿವಿಯ ಕೆಳಗಿಂದ ಗಂಟಲವರೆಗೂ ಇಳಿದಿತ್ತು. ಕಾಯಿಲೆ ವಾಸಿಯಾಗಿ ವರ್ಷವಾದರೂ ಅವಳು ಕೆಲಸಕ್ಕಿದ್ದ ಸೀರೆ ಅಂಗಡಿಯ ಗಿರಾಕಿಗಳ ಕಣ್ಣು ಸೀರೆ ಬಿಟ್ಟು ಅಲ್ಲಿಗೇ ಹೋಗುತ್ತಿತ್ತು.

“ಸೋಮವಾರದಿಂದ ಕೌಂಟರ್ ಬ್ಯಾಡ, ಗೋಡೌನಿಗೆ ಹೋಗು ಅಂದಾರ್ರಿ ಮಾಲಕರು. ನಾ ರಾಯಚೂರಿಂದ ಬಂದಿದ್ದು ಸೀರಿ ಮಾರಾಕ, ಮಡಚಾಕಲ್ಲ.”

ಬದ್ರುನ್ನೀಸಾಳಿಗೆ ಮೈಯೆಲ್ಲ ಉರಿದುಹೋಯಿತು. ಟೇಪನ್ನು ಆ ಕತ್ತಿಗೆ ಸುತ್ತುತ್ತ ಹೇಳಿದಳು: “ನಮ್ ಅಬ್ಬಾ ದಂಡಲ್ಲಿ, ಬ್ರಿಟಿಷರ ಕಂಟೋನ್ಮೆಂಟಲ್ಲಿ, ಮೇಮ್‌ಸಾಬ್‌ಗಳಿಗೆ ಹೊಲೀತಿದ್ರು. ಅವ್ರು ಹೇಳೋರು, ವಿಲಾಯತಿ ರಾಣಿಯೊಬ್ಳಿಗೆ ಕತ್ತಲ್ಲಿ ನಿಂದೇ ಥರ ಕಲೆ ಇತ್ತಂತೆ. ಮುಚ್ಚೋಕೆ ಎತ್ತರದ ಕಾಲರ್ ಹೊಲಿಸ್ಕೊಂಡ್ಳು. ಆಮೇಲೆ ಕಲೆ ಇಲ್ದೋರೂ ಅದನ್ನೇ ಹೊಲಿಸಿದ್ರಂತೆ!”

“ಆಕಿ ರಾಣಿ ಬಿಡ್ರಿ.”

“ಹೊಲಿಯೋಳು ನಾನಲ್ವಾ? ಸುಮ್ನೆ ನಿಂತ್ಕೋ.”

ಮೂರು ಸಲ ಬಿಚ್ಚಿ ಹೊಲಿದಳು. ಅಂಚಿಗೆ ಜರಿ, ಹಿಂದೆ ಸಾಲಾಗಿ ಪುಟ್ಟ ಗುಂಡಿ. ತೊಟ್ಟು ನಿಂತ ರೇವತಿಯ ತಲೆ ತಾನಾಗಿ ಮೇಲೆದ್ದಿತು. ಆ ಕಾಲರಿನಲ್ಲಿ ತಲೆ ತಗ್ಗಿಸೋಣವೆಂದರೂ ಜಾಗವಿರಲಿಲ್ಲ.

ಸೋಮವಾರ ಅವಳು ಸೀದಾ ಹೋಗಿ ಕೌಂಟರಿನಲ್ಲೇ ನಿಂತಳು. ಮಾಲೀಕ ಬಾಯಿ ತೆರೆಯುವಷ್ಟರಲ್ಲಿ ಗಿರಾಕಿಯೊಬ್ಬಳು, “ಈ ಬ್ಲೌಸ್ ಎಲ್ಲಿ ಹೊಲಿಸಿದ್ದಮ್ಮಾ?” ಎಂದು ಕೇಳಿಬಿಟ್ಟಳು. ಗೋಡೌನಿನ ಮಾತು ಮತ್ತೆ ಬರಲಿಲ್ಲ.

ಆ ವರ್ಷ, 1999ರ ದೀಪಾವಳಿಗೆ, ಬದ್ರುನ್ನೀಸಾಳಿಗೆ ಊಟಕ್ಕೂ ಪುರಸೊತ್ತಿಲ್ಲ. ಹಲಸೂರಿನವರು, ಇಂದಿರಾನಗರದಿಂದ ಕಾರಲ್ಲಿ ಬಂದವರು, ಎಲ್ಲರಿಗೂ ಅದೇ ಕಾಲರು ಬೇಕು. ಒಂದು ಮಧ್ಯಾಹ್ನ ಸೀರೆ ಅಂಗಡಿ ಮಾಲೀಕನ ಹೆಂಡತಿಯೇ ಬಂದಳು.

“ನಮ್ಮ ರೇವತಿ ಹಾಕ್ತಾಳಲ್ಲ, ಅಂಥದ್ದೇ.”

ಬದ್ರುನ್ನೀಸಾ ಟೇಪು ಸುತ್ತಿ ಗಂಭೀರವಾಗಿ ಕೇಳಿದಳು: “ಕತ್ತಿಗೆ ಏನಾಗಿದೆ ಮೇಡಮ್?”

“ಏನೂ ಆಗಿಲ್ವಲ್ಲ!”

ಬದ್ರುನ್ನೀಸಾಳಿಗೆ ನಗು ತಡೆಯುವುದೇ ಕಷ್ಟವಾಯಿತು. ಇದನ್ನು ನೋಡಲು ಅಬ್ಬಾ ಇರಬೇಕಿತ್ತು ಎನಿಸಿ ಕಣ್ಣೂ ತುಂಬಿತು. ಅಷ್ಟರಲ್ಲಿ ಹೊಸ ಬಟ್ಟೆ ಹಿಡಿದು ರೇವತಿಯೇ ಒಳಗೆ ಬಂದಳು.

“ಇದಕ್ಕ ಕಾಲರ್ ಬ್ಯಾಡ್ರಿ ಆಪಾ. ಕುತ್ತಿಗಿ ಅಗಲ ಇಟ್ಟು ಹೊಲಿರಿ.”

“ಕಲೆ ಕಾಣುತ್ತೆ ಕಣೇ!”

ರೇವತಿ ಮಾಲೀಕನ ಹೆಂಡತಿಯ ಕತ್ತಿನ ಸುತ್ತ ಇನ್ನೂ ಇದ್ದ ಟೇಪು ನೋಡಿ ನಕ್ಕಳು.

“ಕಾಣ್ಲಿ ಬಿಡ್ರಿ. ಮುಚ್ಚಿಕೊಳ್ಳಾಕ ಈಗ ಅವರೆಲ್ಲ ಅದಾರ. ನನಗ ಸೆಕಿ ಆಗಾಕತ್ತೈತಿ.”