ಎಡಗಡೆಯ ಬಾವು

ಸ್ನಾನದ ಮನೆಯ ಕನ್ನಡಿಯ ಮುಂದೆ ಅಂಗಿಯ ಗುಂಡಿ ಬಿಚ್ಚಿದ ತಂಗಿಗೆ ಜೀವ ಬಾಯಿಗೆ ಬಂದಂತಾಯಿತು. ಎಡಗಡೆ ಊದಿಕೊಂಡಿತ್ತು. ಬೆಳಿಗ್ಗೆ ಹೀಗಿರಲಿಲ್ಲ. ಹೊಲಿಗೆಯ ಸುತ್ತ ಚರ್ಮ ಬಿಗಿದು ಮಿರಮಿರನೆ ಮಿಂಚುತ್ತಿತ್ತು. ಬೆರಳು ತಾಗಿಸಿದರೆ ಕಲ್ಲು. ಎರಡು ವರ್ಷದ ಹಿಂದೆ ಕ್ಯಾನ್ಸರಿಗೆ ಕಳೆದುಕೊಂಡ ಮೊಲೆಯ ಜಾಗದಲ್ಲಿ ಹೋದ ವಾರವಷ್ಟೇ ಸಿಲಿಕೋನ್ ಇಂಪ್ಲಾಂಟ್ ಇಟ್ಟಿದ್ದರು. ಇದ್ದಕ್ಕಿದ್ದಂತೆ ಊದಿ ಗಟ್ಟಿಯಾದರೆ ಕಾಯಬೇಡಿ, ಕೂಡಲೇ ಬನ್ನಿ ಎಂದು ಡಾಕ್ಟರಮ್ಮ ಒತ್ತಿ ಒತ್ತಿ ಹೇಳಿ ಕಳಿಸಿದ್ದರು.

ಆದರೆ ಆಸ್ಪತ್ರೆಗೆ ಹೋಗಲು ಕರೆಯಬೇಕಾದ್ದು ಅಕ್ಕನನ್ನು. ಸಿಟಿ ಬಸ್ಸು ಓಡಿಸುವ ಅಕ್ಕ ರಜೆ ಹಾಕಿ ಆರೈಕೆಗೆ ಬಂದು ಕೂತಿದ್ದಳು. ಬಾಯಿ ಬಸ್ಸಿನ ಹಾರ್ನಿಗಿಂತ ಒಂದು ಕೈ ಮೇಲೆ. ಉಳಿದದ್ದೇ ಪುಣ್ಯ, ಮತ್ತೆ ಯಾಕೆ ಮೈಮೇಲೆ ಕತ್ತಿ ಎಳೆದುಕೊಳ್ಳುತ್ತೀಯ ಎಂದು ತಿಂಗಳುಗಟ್ಟಲೆ ಜಗಳವಾಡಿದವಳು ಅವಳೇ. ತಂಗಿಯದು ಸಲೂನಿನಲ್ಲಿ ಕೂದಲು ಕತ್ತರಿಸುವ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಎದುರಿಗೆ ಆಳೆತ್ತರದ ಕನ್ನಡಿ. ಗಿರಾಕಿಯ ತಲೆಯ ಹಿಂದೆ ತನ್ನದೇ ಎದೆ, ಒಂದು ಕಡೆ ಮೈ, ಇನ್ನೊಂದು ಕಡೆ ತುರುಕಿದ ಬಟ್ಟೆ. ಅದನ್ನು ಬಿಡಿಸಿ ಹೇಳಲು ಅಕ್ಕನ ಮುಂದೆ ಅವಳಿಗೆ ನಾಲಿಗೆ ಏಳುತ್ತಿರಲಿಲ್ಲ. ಕಡೆಗೆ ಆಸ್ಪತ್ರೆಯ ದಿನ ಗೊತ್ತುಮಾಡಿಕೊಂಡು ಬಂದೇ ಸುದ್ದಿ ಮುಟ್ಟಿಸಿದ್ದಳು.

ಶಾಲು ಹೊದ್ದು ಹೊರಬಂದಳು. ಅಕ್ಕ ಚಹಾ ಕೊಟ್ಟಳು. ಎಡಗೈ ಮೇಲೇಳಲಿಲ್ಲ. ತೋಳು ಎತ್ತಬಾರದು ಅಂದಿದ್ದಾರಲ್ಲ ಎಂದು ಏನೋ ಸಬೂಬು ಹೇಳಿ ಬಲಗೈಯಲ್ಲಿ ಲೋಟ ಹಿಡಿದಳು. ಚಹಾ ಆರುವಷ್ಟರಲ್ಲಿ ಒಳಗಿನ ಬಿಗಿತ ಕಂಕುಳಿನವರೆಗೆ ಏರಿತ್ತು.

"ಬೆವರ್ತಿದೀಯ," ಎಂದಳು ಅಕ್ಕ. "ಶಾಲು ತೆಗಿ."

"ಚಳಿ ಕಣಕ್ಕ."

"ಬೆವರೋರಿಗೆ ಎಂಥ ಚಳಿ? ತೆಗಿ ಅಂದೆ."

ಅಕ್ಕನೇ ಗುಂಡಿ ಬಿಚ್ಚಿದಳು. ತಂಗಿ ಕಣ್ಣು ಮುಚ್ಚಿಕೊಂಡು, 'ನಾನು ಬಡ್ಕೊಂಡೆ, ಕೇಳಿದ್ಯಾ' ಎಂಬ ಮಾತಿಗೆ ಕಾದಳು. ಅದು ಬರಲಿಲ್ಲ. ಕಣ್ಣು ಬಿಟ್ಟಾಗ ಅಕ್ಕ ಒಂದು ಕೈಯಲ್ಲಿ ಕಾರಿನ ಕೀ, ಇನ್ನೊಂದರಲ್ಲಿ ದಿಂಬು ಹಿಡಿದು ಬಾಗಿಲಲ್ಲಿದ್ದಳು. ಸೀಟ್ ಬೆಲ್ಟು ಒತ್ತದಂತೆ ದಿಂಬನ್ನು ಎದೆಗೆ ಅಡ್ಡ ಇಟ್ಟು, ದಾರಿಯುದ್ದಕ್ಕೂ ರಸ್ತೆಯ ಉಬ್ಬು ಕಂಡಲ್ಲೆಲ್ಲ ಉಸಿರು ಬಿಗಿಹಿಡಿದು ಗಾಡಿ ಓಡಿಸಿದಳು.

ಡಾಕ್ಟರಮ್ಮ ಮುಟ್ಟಿ ನೋಡಿದವರೇ ನರ್ಸಿಗೆ ಆಪರೇಷನ್ ಥಿಯೇಟರು ಸಿದ್ಧಮಾಡಲು ಹೇಳಿದರು. ಒಳಗೆ ರಕ್ತ ಸೋರಿ ಹೆಪ್ಪುಗಟ್ಟುತ್ತಿದೆ, ಈಗಲೇ ತೆರೆಯಬೇಕು. ತೊಳೆದು ಇಂಪ್ಲಾಂಟನ್ನು ಮತ್ತೆ ಇಡಬಹುದು. ಆದರೆ ಆಮೇಲೆ ಸೋಂಕು ತಗುಲಿದರೆ ಮತ್ತೊಂದು ಆಪರೇಷನ್. ಬೇಡವೆಂದರೆ ಇವತ್ತೇ ತೆಗೆದು ಹೊಲಿದುಬಿಡಬಹುದು, ಅಪಾಯ ಕಡಿಮೆ. ಎರಡರಲ್ಲಿ ಯಾವುದು ಎಂಬುದು ಅವರಿಗೆ ಈಗ ಗೊತ್ತಾಗಬೇಕಿತ್ತು.

ತಂಗಿಯ ಕಣ್ಣು ತಾನಾಗಿ ಅಕ್ಕನ ಕಡೆ ಹೊರಳಿತು. ಅಕ್ಕನ ತುಟಿ ಅಲುಗಿತು. ಅವಳು ಏನು ಹೇಳುತ್ತಾಳೆಂದು ತಂಗಿಗೆ ಗೊತ್ತಿತ್ತು. ಹೇಳಿದರೆ ತಾನು ಹೂಂ ಅನ್ನುತ್ತೇನೆಂದೂ ಗೊತ್ತಿತ್ತು.

"ಡಾಕ್ಟ್ರೇ," ಎಂದಳು ಅಕ್ಕ, ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ತಂಗಿ ಕೇಳಿರಲೇ ಇಲ್ಲ, "ನಾನಿಲ್ಲಿದ್ರೆ ಇವಳು ನನ್ನ ಮುಖ ನೋಡ್ಕೊಂಡು ಉತ್ತರ ಕೊಡ್ತಾಳೆ. ಅದನ್ನ ನಂಬ್ಬೇಡಿ. ನಾನು ಆಚೆ ಇರ್ತೀನಿ." ಹೊರಗೆ ಹೋಗಿ ಬಾಗಿಲೆಳೆದುಕೊಂಡಳು.

ಕೋಣೆ ದೊಡ್ಡದಾದಂತಾಯಿತು. ತಂಗಿ ಒಣಗಿದ ತುಟಿ ಸವರಿಕೊಂಡಳು. "ತೊಳ್ದು ಅಲ್ಲೇ ಇಡಿ," ಎಂದಳು. ಡಾಕ್ಟರಮ್ಮನಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ, ಜೋರಾಗಿ ಹೇಳಿದಳು.

ತಂಗಿ ಮಲಗಿದ್ದ ಮಂಚ ತಳ್ಳಿಕೊಂಡು ನರ್ಸು ಬಾಗಿಲು ತೆರೆದಾಗ ಅಕ್ಕ ಎದುರಿನ ಗೋಡೆಗೆ ಮುಖಮಾಡಿ, ಎರಡೂ ಕಿವಿಗೆ ಅಂಗೈ ಒತ್ತಿ ಹಿಡಿದು ನಿಂತಿದ್ದಳು.